ಸುಟ್ಟ ಕುಲಾವಿ

"ಇನ್ನೂ ಸ್ವಲ್ಪ ಕೆಳಗೆ ಕೆರೀರಿ," ಎಂದಳು ನುವಾಲಾ.

ಹಿರಿಯ ಪೇದೆ ಪೀಡರ್ ಗೋದಾಮಿನ ಸಿಮೆಂಟು ನೆಲದ ಮೇಲೆ ಮಂಡಿಯೂರಿ, ತನ್ನ ಮನೆಯ ಬೀಗದ ಕೈಯಿಂದ ಯಂತ್ರದ ಅಡಿಯನ್ನು ಕೆರೆಯುತ್ತಿದ್ದ. ಎಳೆಗೂಸುಗಳನ್ನು ಬೆಚ್ಚಗೆ ಮಲಗಿಸುವ ವಾರ್ಮರ್ ಅದು. ನೋಡಲು ಗಾಲಿ ಹಚ್ಚಿದ ತೊಟ್ಟಿಲಿನಂತಿತ್ತು. ಹೊಸ ಬಿಳಿ ಬಣ್ಣ ಚಕ್ಕೆಚಕ್ಕೆಯಾಗಿ ಉದುರಿತು. ಬಿಳಿಯ ಕೆಳಗೆ ಹಳೆಯ ಹಸಿರು. ಹಸಿರಿನ ನಡುವೆ, ತಗಡಿನಲ್ಲೇ ಗುದ್ದಿ ಕೂರಿಸಿದ ಒಂದು ಗುರುತು: ಉಂಗುರ, ಅದರ ಮೇಲೊಂದು ಅಡ್ಡಗೆರೆ.

"ಸಿಕ್ತು ಮೇಡಂ." ಪೀಡರ್ ಸೊಂಟ ಹಿಡಿದುಕೊಂಡು ಎದ್ದ. "ಬಣ್ಣದ ವಿಷಯದಲ್ಲಿ ಪುಣ್ಯಾತ್ಮ ಜಿಪುಣತನ ಮಾಡಿಲ್ಲ. ನಮ್ಮ ಮನೆ ಗೋಡೆಗೂ ನಾನು ಇಷ್ಟು ಬಳಿದಿಲ್ಲ."

ಜಿಲ್ಲಾಸ್ಪತ್ರೆಯವರು ಬೆಳಿಗ್ಗೆ ಫೋನಿನಲ್ಲಿ ಇದೇ ಗುರುತನ್ನು ವಿವರಿಸಿದ್ದರು. ಕೆಟ್ಟುಹೋದ ಯಂತ್ರ, ಇನ್ನು ರೋಗಿಗಳಿಗೆ ಬಳಸಕೂಡದು, ಒಡೆದು ಗುಜರಿಗೆ ಹಾಕಬೇಕು ಎಂದು ಅದರ ಅರ್ಥ.

ಗೋದಾಮಿನಲ್ಲಿ ಅಂಥ ಆರು ವಾರ್ಮರ್‌ಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ನೀಲಿ ರಿಬ್ಬನ್ನು. ಒಂದೊಂದರ ತಲೆಯ ಕಡೆ ಹೊಳೆಯುವ ಚೀಟಿ: 'ಕಿಲ್‌ಮೋರನ್ ತೊಟ್ಟಿಲು ಕ್ಲಬ್ಬಿನ ಪ್ರೀತಿಯ ಕಾಣಿಕೆ.' ಹೊರಗೆ ಅವನ್ನು ಡಬ್ಲಿನ್ ಬಂದರಿಗೆ ಒಯ್ಯುವ ಲಾರಿ ನಿಂತಿತ್ತು. ಅದರ ಚಾಲಕ ಮೆಟ್ಟಿಲ ಮೇಲೆ ಕೂತು ಹಂದಿಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

ಶನಿವಾರ ಕ್ಲಬ್ಬಿನ ಹತ್ತನೇ ವರ್ಷದ ಔತಣಕ್ಕೆ ಮಲಾವಿಯಿಂದ ಅತಿಥಿಯಾಗಿ ಬಂದಿದ್ದ ಸೂಲಗಿತ್ತಿ ತಮಾಂಡಾ ಚಿರ್ವಾ, ಸಭಾಂಗಣದ ಹಿಂದಿನ ದಕ್ಕೆಯ ಕಲ್ಲುಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದಳು. ಪಾಪ, ಪಾಚಿಯ ಮೇಲೆ ಕಾಲು ಜಾರಿತು ಎನ್ನುತ್ತಿತ್ತು ಊರು. ಡಿಟೆಕ್ಟಿವ್ ಸಾರ್ಜೆಂಟ್ ನುವಾಲಾ ಗೆರಟಿ ಒಬ್ಬಳು ಹಾಗೆನ್ನುತ್ತಿರಲಿಲ್ಲ. ತಮಾಂಡಾಳ ಎಡತೋಳಿನ ಮೇಲೆ ಬೆರಳುಗಳ ಗುರುತಿತ್ತು. ಯಾರೋ ಅವಳನ್ನು ಬಲವಾಗಿ ಹಿಡಿದಿದ್ದರು.

ಇನ್ನೊಂದು ವಸ್ತು ನುವಾಲಾಳ ಕೋಟಿನ ಜೇಬಿನಲ್ಲಿತ್ತು. ನಿನ್ನೆ ತಮಾಂಡಾಳ ಸೂಟ್‌ಕೇಸಿನ ಅಸ್ತರಿನ ಒಳಗೆ ಸಿಕ್ಕಿದ್ದು. ಪ್ಲಾಸ್ಟಿಕ್ ಚೀಲದ ಮೇಲಿಂದಲೇ ಅವಳು ಅದನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು.

ಹಳದಿ ಕುಲಾವಿ. ಮುಷ್ಟಿಯಷ್ಟು. ಅಂಥವನ್ನು ಕ್ಲಬ್ಬಿನ ಹೆಂಗಸರು ಟೀವಿ ಮುಂದೆ ಕೂತು ರಾಶಿರಾಶಿ ಹೆಣೆಯುತ್ತಾರೆ. ನುವಾಲಾಳ ಅಮ್ಮನೂ ಹೆಣೆಯುತ್ತಾಳೆ. ಕೃತಕ ನೂಲು, ತೊಳೆದರೆ ಬೇಗ ಒಣಗುತ್ತದೆ ಎಂದು. ಮುಂದುಗಡೆ ಅದು ಈಗಷ್ಟೇ ಕಡ್ಡಿಯಿಂದ ಇಳಿಸಿದಂತಿತ್ತು. ಹಿಂದುಗಡೆ, ಕೂಸಿನ ತಲೆ ಹಾಸಿಗೆಗೆ ತಾಗುವ ಜಾಗದಲ್ಲಿ, ನೂಲು ಕರಗಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಹೋಗಿತ್ತು.

"ಬೀಗ ಯಾರು ತೆಗೆದದ್ದು?"

ದೊಡ್ಡ ಬಾಗಿಲಲ್ಲಿ ಫಿಂಟನ್ ಕ್ಯೂಸಾಕ್ ನಿಂತಿದ್ದ. ಕ್ಲಬ್ಬಿನ ಅಧ್ಯಕ್ಷ. ಆಸ್ಪತ್ರೆಗಳ ಯಂತ್ರ ರಿಪೇರಿ ಮಾಡುವುದು, ಹಳೆಯವನ್ನು ವಿಲೇವಾರಿ ಮಾಡುವುದು ಅವನ ಕಸುಬು. ಈ ಗೋದಾಮೂ ಅವನದೇ. ಆಳು ಎತ್ತರ, ಕೆಂಪು ಗಲ್ಲ, ಊರಿನ ಯಾವ ಸಮಾರಂಭದಲ್ಲೂ ಕಡೆಗೊಂದು ಹಾಡು ಹಾಡದೆ ಮನೆಗೆ ಹೋದವನಲ್ಲ.

"ನ್ಯಾಯಾಧೀಶರು," ಎಂದಳು ನುವಾಲಾ. "ಶೋಧನೆಗೆ ಅಪ್ಪಣೆ ಇದೆ. ಓದ್ತೀರಾ?"

"ಓದೋಕೇನಿದೆ, ನಿನ್ನ ಮೇಲೆ ನಂಬಿಕೆ ಇದೆ." ಅವನು ಕೈಗವಸು ಬಿಚ್ಚುತ್ತ ಒಳಗೆ ಬಂದ. ಕೆರೆದ ಬಣ್ಣದ ಚಕ್ಕೆಗಳನ್ನು ನೋಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. "ಪೀಡರ್, ಪ್ಯಾಂಟಿನ ಮಂಡಿ ಹಾಳಾಯ್ತಲ್ಲಯ್ಯಾ."

"ಸರ್ಕಾರದ ಪ್ಯಾಂಟು," ಎಂದ ಪೀಡರ್.

"ಈ ಗುರುತು ಏನು ಹೇಳಿ, ಫಿಂಟನ್," ಎಂದಳು ನುವಾಲಾ.

"ಆಸ್ಪತ್ರೆಯವರ ಹಣೆಬರಹ ಅದು. ಅವರಿಗೆ ಒಂದು ಗಾಲಿ ಕಿರುಗುಟ್ಟಿದರೂ ಸಾಕು, ಗುರುತು ಹೊಡೀತಾರೆ. ನಾನು ರಿಪೇರಿ ಮಾಡ್ತೀನಿ. ಗುಜರಿಗೆ ಹೋಗಬೇಕಾದ್ದು ಕೂಸಿನ ಕೆಲಸಕ್ಕೆ ಬರುತ್ತೆ. ಇದರಲ್ಲಿ ತಪ್ಪೇನು?"

"ಏನು ರಿಪೇರಿ ಮಾಡಿದ್ರಿ ಇದನ್ನ?"

ಉತ್ತರಕ್ಕೆ ಕಾಯದೆ ನುವಾಲಾ ವಾರ್ಮರ್‌ನ ಹಾಸಿಗೆ ಎತ್ತಿದಳು. ಕೆಳಗೆ ಕಾಯುವ ತಗಡು. ಅದರ ಮೂಲೆಯಿಂದ ಒಂದು ತೆಳ್ಳನೆಯ ತಂತಿ ಹೊರಟಿತ್ತು. ಕೂಸಿನ ಹೊಟ್ಟೆಗೆ ಅಂಟಿಸುವ ತಂತಿ, ಮೈ ಎಷ್ಟು ಬಿಸಿಯಾಗಿದೆ ಎಂದು ಯಂತ್ರಕ್ಕೆ ಹೇಳುವುದು ಅದೇ; ಅದಿಲ್ಲದಿದ್ದರೆ ತಗಡು ಕಾಯುತ್ತಲೇ ಹೋಗುತ್ತದೆ. ಅದು ಕತ್ತರಿಸಿಹೋಗಿತ್ತು. ಕತ್ತರಿಸಿದ ಕಡೆ ಒಂದು ಚೂರು ಟೇಪು ಸುತ್ತಿ, ಟೇಪಿನ ಮೇಲೂ ಬಿಳಿ ಬಣ್ಣ ಬಳಿದಿದ್ದರು.

ಅವಳು ಜೇಬಿನಿಂದ ಚೀಲ ತೆಗೆದು, ಬೋಳಾದ ಆ ತಗಡಿನ ಮೇಲೆ ಕುಲಾವಿಯನ್ನಿಟ್ಟಳು.

"ಇದು ನಿಮ್ಮ ಕ್ಲಬ್ಬಿನದೇ. ಅಲ್ಲಿಗೆ ಹೋಗಿ, ವಾಪಸ್ ಬಂತು."

ಫಿಂಟನ್ ನೋಡಿದ. ಮುಟ್ಟಲಿಲ್ಲ.

"ನಿನ್ನೆ ಸಂಜೆ ತಮಾಂಡಾಳ ಆಸ್ಪತ್ರೆಯ ದಾದಿಯೊಬ್ಬಳ ಹತ್ತಿರ ಮಾತಾಡಿದೆ," ಎಂದಳು ನುವಾಲಾ. "ಈ ಕುಲಾವಿ ಹಾಕಿದ್ದ ಮಗು ಸತ್ತ ದಿನ ಪಾಳಿಯಲ್ಲಿದ್ದವಳು ಅವಳೇ. ಮಗು ಅಳ್ತಾ ಇರಲಿಲ್ಲವಂತೆ. ಕೈ ಮುಟ್ಟಿದರೆ ಬೆಚ್ಚಗಿತ್ತಂತೆ. ಅಬ್ಬಾ, ಇದೊಂದು ಚೆನ್ನಾಗಿ ನಿದ್ದೆ ಮಾಡ್ತಿದೆ ಅಂದುಕೊಂಡು ಬೇರೆ ಮಕ್ಕಳನ್ನ ನೋಡೋಕೆ ಹೋದಳಂತೆ. ತಿರುಗಿ ಬಂದು ಎತ್ತಿಕೊಂಡಾಗ ಬೆನ್ನು ಸುಟ್ಟುಹೋಗಿತ್ತಂತೆ."

"ಆ ದೇಶದಲ್ಲಿ ಕರೆಂಟು ಹೇಗಿರುತ್ತೆ ಗೊತ್ತಾ ನಿನಗೆ? ಒಮ್ಮೆ ಇದೆ, ಒಮ್ಮೆ ಇಲ್ಲ. ಎಂಥ ಒಳ್ಳೆ ಯಂತ್ರ ಕೊಟ್ಟರೂ..."

"ತಂತಿ ಇಲ್ಲೇ ಕತ್ತರಿಸಿದೆ, ಫಿಂಟನ್. ಇಲ್ಲಿ. ಕಿಲ್‌ಮೋರನ್‌ನಲ್ಲಿ."

ಫಿಂಟನ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ಸಿಟ್ಟು ಬಂದಾಗ ಅವನ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

"ಒಂದು ಮಾತು ಕೇಳು. ನಾವು ಕಳಿಸೋಕ್ಕಿಂತ ಮೊದಲು ಅಲ್ಲಿ ಮಕ್ಕಳನ್ನ ರಟ್ಟಿನ ಪೆಟ್ಟಿಗೇಲಿ ಮಲಗಿಸ್ತಿದ್ದರು. ಬಿಸಿನೀರಿನ ಬಾಟ್ಲಿ ಪಕ್ಕಕ್ಕಿಟ್ಟು. ಚಳಿಗೆ ಸತ್ತವು ಎಷ್ಟೋ. ನಮ್ಮ ಯಂತ್ರದಲ್ಲಿ ಬದುಕಿದ ಮಕ್ಕಳೂ ಇದ್ದಾವೆ; ಅವರ ಬಗ್ಗೆ ಯಾರೂ ನಿನಗೆ ಫೋನ್ ಮಾಡಲ್ಲ. ಏನೂ ಇಲ್ಲದೆ ಇರೋದಕ್ಕಿಂತ ಇದು ವಾಸಿ. ನಾನು ಕಣ್ಣಾರೆ ನೋಡಿ ಬಂದಿದ್ದೀನಿ, ನೀನು ಹೋಗಿದ್ದೀಯಾ?"

"ನಿಮ್ಮ ಮೊಮ್ಮಗಳು ಹುಟ್ಟಿದ್ದು ಹೋದ ತಿಂಗಳಲ್ಲವಾ?"

"ಅವಳನ್ನ ಇದಕ್ಕೆ ಎಳೀಬೇಡ."

"ದಿನ ತುಂಬೋಕೆ ಎರಡು ವಾರ ಮುಂಚೆಯೇ ಹುಟ್ಟಿತು ಅಂತ ಅಮ್ಮ ಹೇಳ್ತಿದ್ದಳು. ಇದರಲ್ಲಿ ಮಲಗಿಸ್ತಿದ್ದೆಯಾ ಅವಳನ್ನ?"

ಅವಳ ಬಾಯಿಂದ 'ನೀವು' ಬಿದ್ದುಹೋಗಿತ್ತು. ಗೋದಾಮಿನಲ್ಲಿದ್ದ ಮೂವರಿಗೂ ಅದು ಕೇಳಿಸಿತು. ಪೀಡರ್ ತಲೆ ಬಗ್ಗಿಸಿ ಬೂಟಿನ ತುದಿಯಿಂದ ಬಣ್ಣದ ಚಕ್ಕೆಗಳನ್ನು ಒಂದೆಡೆ ಗುಡ್ಡೆ ಮಾಡತೊಡಗಿದ.

"ಹೇಳು ಫಿಂಟನ್. ವಾಸಿ ಅಂದೆಯಲ್ಲ. ಮಲಗಿಸ್ತಿದ್ದೆಯಾ?"

"ಇಲ್ಲಿ ಬೇರೆ ಇದೆ. ಇಲ್ಲಿ ಇರೋವಾಗ ಯಾಕೆ ಮಲಗಿಸಲಿ?"

"ಅದೇ ನಿನ್ನ ಉತ್ತರ. ಸಾಕು."

ನುವಾಲಾಳ ಮೈಯೆಲ್ಲ ಉರಿಯುತ್ತಿತ್ತು. ಹತ್ತು ವರ್ಷ ಈ ಮನುಷ್ಯನಿಗೆ ಊರು ಚಪ್ಪಾಳೆ ತಟ್ಟಿದೆ. ಅವಳೂ ತಟ್ಟಿದ್ದಾಳೆ. ಪ್ರತಿ ವಸಂತದಲ್ಲೂ ರಿಬ್ಬನ್ನು ಕಟ್ಟಿದ ಈ ತೊಟ್ಟಿಲುಗಳು ಮೆರವಣಿಗೆಯಲ್ಲಿ ಬೀದಿ ಸುತ್ತುವಾಗ, ಶಾಲೆ ಮಕ್ಕಳು ಅವುಗಳ ಹಿಂದೆ ಬಾವುಟ ಹಿಡಿದು ನಡೆದಿದ್ದಾರೆ. ಗುಜರಿ ಒಡೆಯುವ ಶ್ರಮ ಉಳಿಯಿತು, ಹೆಸರೂ ಬಂತು.

"ಶನಿವಾರ ತಮಾಂಡಾ ವೇದಿಕೆಯ ಮೇಲೆ ಇದನ್ನೇ ಹೇಳೋಕೆ ಬಂದಿದ್ದಳು," ಎಂದಳು. "ಮೈಕ್ ಕೊಡಲಿಲ್ಲ ನೀನು. ನನ್ನಮ್ಮ ಮುಂದಿನ ಸಾಲಲ್ಲೇ ಕೂತಿದ್ದಳು, ನೋಡಿದ್ದಾಳೆ."

"ಕೊಡಲಿಲ್ಲ. ಇನ್ನೊಂದು ಸಲವೂ ಕೊಡಲ್ಲ. ನೂರಾರು ಜನ ಊಟಕ್ಕೆ ಕೂತಿದ್ದಾರೆ. ಪುಡಿಂಗ್ ಈಗಷ್ಟೇ ಬಂದಿದೆ, ಕುಣಿತ ಶುರುವಾಗಬೇಕು. ನಡುವೆ ನಿಂತು ಸತ್ತ ಮಕ್ಕಳ ಕತೆ ಹೇಳ್ತೀನಿ ಅಂದರೆ? ನಾಳೆ ಬೆಳಿಗ್ಗೆ ಆಫೀಸಿಗೆ ಬಾಮ್ಮಾ, ಕೂತು ಮಾತಾಡೋಣ ಅಂದೆ."

"ಬೆಳಿಗ್ಗೆ ಅವಳಿರಲಿಲ್ಲ."

"ನಾನು ವೇದಿಕೆ ಮೇಲಿದ್ದೆ ನುವಾಲಾ. ಹಾಡ್ತಾ ಇದ್ದೆ. ಡಾಕ್ಟರ್ ಟೂಹಿ ಓಡಿ ಬಂದು ಹೆಣ ಬಿದ್ದಿದೆ ಅನ್ನೋವರೆಗೂ ಕೆಳಗಿಳಿದವನಲ್ಲ. ಒಂದಾದ ಮೇಲೊಂದು ಹಾಡಿಸಿದರು. ಇಡೀ ಊರೇ ಸಾಕ್ಷಿ." ಅವನು ಎರಡೂ ಕೈಗಳನ್ನು ಮುಂದೆ ಚಾಚಿದ. "ನೀನು ಬಂದಾಗಿಂದ ನನ್ನ ಕೈ ನೋಡ್ತಿದ್ದೀಯಾ. ತಗೋ, ಅಳತೆ ತಗೋ."

ಸಲಿಕೆಯಂಥ ಕೈಗಳು. ತಮಾಂಡಾಳ ತೋಳಿನ ಮೇಲಿದ್ದ ಗುರುತುಗಳು ಚಿಕ್ಕವು, ಒಂದಕ್ಕೊಂದು ಹತ್ತಿರ. ನುವಾಲಾಳಿಗೆ ಅದು ಗೋದಾಮಿಗೆ ಬರುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಇವನೇ ಆಗಿರಲಿ ಎಂದು ಬಯಸಿದ್ದಳು. ಆ ಬಯಕೆಯೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಇವೆಲ್ಲ ಕಳಿಸಬಹುದು ಅಂತ ತೀರ್ಮಾನ ಮಾಡಿದ್ದು ಯಾರು?"

"ನಾನು ಮೆಕ್ಯಾನಿಕ್ಕು. ಯಾವುದು ಹೋಗಬಹುದು, ಯಾವುದು ಬೇಡ ಅಂತ ಹೇಳೋಕೆ ಕ್ಲಬ್ಬಲ್ಲಿ ಡಾಕ್ಟರಿದ್ದಾರಲ್ಲ. ಮೊದಲ ವಾರ್ಮರ್ ಕಳಿಸೋಣ ಅಂದವರೇ ಟೂಹಿ. ಕ್ಲಬ್ಬಿಗೆ ಹೆಸರೂ ಇಟ್ಟಿರಲಿಲ್ಲ ಆಗ. ಬೇಗ ಸಾಗಿಸು ಫಿಂಟನ್, ಈ ಹಡಗಿಗೇ ಹಾಕು ಅಂತ ನಿಂತು ಮಾಡಿಸಿದರು. ಪುಣ್ಯದ ಕೆಲಸಕ್ಕೆ ಅಷ್ಟು ಅವಸರ ಮಾಡಿದವರನ್ನ ನಾನು ನೋಡಿಲ್ಲ."

ಟೂಹಿ ಊರಿನ ಹೆರಿಗೆ ಡಾಕ್ಟರು. ಈಗ ನಿವೃತ್ತ. ಕಿಲ್‌ಮೋರನ್‌ನ ಅರ್ಧ ಜನ ಮೊದಲು ಉಸಿರೆಳೆದದ್ದು ಅವರ ಅಂಗೈಯಲ್ಲಿ, ನುವಾಲಾ ಕೂಡ. ಹೊರಗೆ ಪೈಪು ಸೇದಲು ಹೋದಾಗ ಕೆಳಗೆ ಬಿದ್ದ ತಮಾಂಡಾಳನ್ನು ಕಂಡೆ, ಇಳಿದು ನಾಡಿ ನೋಡಿದೆ, ಜೀವ ಹೋಗಿ ಎಷ್ಟೋ ಹೊತ್ತಾಗಿತ್ತು ಎಂದು ಅವರು ಅವತ್ತೇ ಹೇಳಿಕೆ ಕೊಟ್ಟಿದ್ದರು.

"ತಮಾಂಡಾ ಹೊರಗೆ ಹೋಗಿದ್ದನ್ನ ನೋಡಿದೆಯಾ?" ನುವಾಲಾ ಕೇಳಿದಳು.

"ನೋಡದೆ ಏನು. ವೇದಿಕೆಯಿಂದ ಎಲ್ಲಾ ಕಾಣುತ್ತೆ. ಕೋಟು ತಗೊಂಡು ಹಿಂದಿನ ಬಾಗಿಲಿಂದ ಹೋದಳು. ಡಿಂಪ್ನಾ ಹಿಂದೆಯೇ ಹೋದಳು."

"ಡಿಂಪ್ನಾ ಲಾಫ್ಟಸ್?"

"ಊರಲ್ಲಿ ಎಷ್ಟು ಡಿಂಪ್ನಾ ಇದ್ದಾರೆ? ಸಮಾಧಾನ ಮಾಡೋಕೆ ಹೋಗ್ತಾಳೆ ಅಂದುಕೊಂಡೆ. ಅವಳ ಮನೇಲೇ ತಾನೇ ಇಳಿದಿದ್ದು ಅತಿಥಿ."

ನುವಾಲಾ ಪೀಡರ್ ಕಡೆ ನೋಡಿದಳು. ಪೀಡರ್ ಅವಳ ಕಡೆ. ಡಿಂಪ್ನಾಳ ಹೇಳಿಕೆಯನ್ನು ಬರೆದುಕೊಂಡವನು ಅವನೇ. ತಾನು ಔತಣ ಮುಗಿಯುವವರೆಗೂ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ, ತಮಾಂಡಾಳನ್ನು ಊಟದ ನಂತರ ನೋಡಲೇ ಇಲ್ಲ ಎಂದಿದ್ದಳು.

"ಪೀಡರ್, ಆರಕ್ಕೂ ಮೊಹರು ಹಾಕಿಸಿ. ಲಾರಿಯ ಕೀಲಿ ಇಸ್ಕೊಳ್ಳಿ."

ಮೆಟ್ಟಿಲ ಮೇಲಿದ್ದ ಚಾಲಕನಿಗೆ ಅದು ಕೇಳಿಸಿತು. "ಅಕ್ಕಾ, ಹಡಗು ನನ್ನ ಮಾವನ ಮನೇದಲ್ಲ, ಕಾಯಲ್ಲ," ಎಂದ.

"ಹೋಗಲಿ ಬಿಡು."

"ಇದನ್ನ ಹೊರಗೆ ಹಾಕಿದರೆ ಕ್ಲಬ್ ಉಳಿಯಲ್ಲ," ಎಂದ ಫಿಂಟನ್. ಅವನ ಗಲ್ಲದ ಕೆಂಪು ಈಗ ಕುತ್ತಿಗೆಗೂ ಇಳಿದಿತ್ತು. "ಕುಲಾವಿ ಹೆಣೀತಾರಲ್ಲ, ಆ ಮುದುಕಿಯರ ಮುಖ ಹೇಗೆ ನೋಡ್ತೀಯಾ? ನಿಮ್ಮಮ್ಮನ ಮುಖ?"

"ಅಮ್ಮನಿಗೆ ನಾನೇ ಹೇಳ್ತೀನಿ. ನೀನು ನಿನ್ನ ವಕೀಲನಿಗೆ ಹೇಳು."

*

ಡಿಂಪ್ನಾಳ ಮನೆ ಚರ್ಚಿನ ಹಿಂದಿನ ಏರಿನ ಮೇಲೆ. ನುವಾಲಾ ಒಬ್ಬಳೇ ಕಾರು ಹತ್ತಿಸಿದಳು. ತಿರುವಿನಲ್ಲಿ ಫೋನು ಬಂತು. ಶವಪರೀಕ್ಷೆ ಮಾಡಿದ ಡಾಕ್ಟರಮ್ಮ.

"ನಿಲ್ಲಿಸಿ ಮಾತಾಡ್ತೀಯಾ?" ಎಂದಳು ಆಕೆ.

ನುವಾಲಾ ಬೇಲಿಯ ಪಕ್ಕಕ್ಕೆ ನಿಲ್ಲಿಸಿದಳು.

"ತಲೆ ಹಿಂಭಾಗದ ಪೆಟ್ಟು ಸಾಯೋವಂಥದ್ದಲ್ಲ. ಬಿದ್ದಾಗ ಪ್ರಜ್ಞೆ ತಪ್ಪಿರಬಹುದು, ಅಷ್ಟೇ. ತುಟಿಯ ಒಳಗಡೆ ಹರಿದಿದೆ. ಹಲ್ಲಿಗೆ ಒತ್ತಿ ಹರಿದದ್ದು. ಮೂಗಿನಲ್ಲಿ ಉಣ್ಣೆಯ ಎಳೆ ಸಿಕ್ಕಿತು, ಕಡುನೀಲಿ. ಅವಳ ಬಟ್ಟೆ ಯಾವುದೂ ಆ ಬಣ್ಣದ್ದಲ್ಲ."

"ಅಂದರೆ?"

"ಬಿದ್ದಮೇಲೆ ಬದುಕಿದ್ದಳು. ಯಾರೋ ಅವಳ ಬಾಯಿ ಮೂಗು ಒತ್ತಿ ಹಿಡಿದರು. ಹಿಂದಕ್ಕೆ ಬಿದ್ದವಳು ತುಟಿ ಹರಿದುಕೊಳ್ಳೋದು ಹೇಗೆ, ನೀನೇ ಹೇಳು."

ಫೋನು ಇಟ್ಟು ನುವಾಲಾ ಮತ್ತೆ ಕಾರು ಹೊರಡಿಸಿದಳು. ಚಿಕ್ಕ ಬೆರಳುಗಳು. ಹಿಂದೆಯೇ ಹೋದವಳು. ಸುಳ್ಳು ಹೇಳಿದವಳು. ಅಷ್ಟು ದೂರದಿಂದ ಬಂದು, ಈ ಮನೆಯಲ್ಲಿ ಉಂಡು, ಮಲಗಿ, ಈ ಮನೆಯವಳ ಕೈಯಲ್ಲೇ ಸತ್ತಳೇ? ಫಿಂಟನ್ ಮೇಲಿದ್ದ ಸಿಟ್ಟು ಈಗ ಇನ್ನೊಂದು ಮನೆಯ ಕಡೆ ತಿರುಗಿತು. ತಿರುಗಿದರೂ ಸರಿಯಾಗಿ ಕೂರಲಿಲ್ಲ. ಡಿಂಪ್ನಾಳನ್ನು ಅವಳು ಶಾಲೆಯ ಕಾಲದಿಂದ ಬಲ್ಲಳು.

ಊರಿಗೆಲ್ಲ ಗೊತ್ತಿದ್ದ ವಿಷಯವೂ ಒಂದಿತ್ತು. ಹನ್ನೊಂದು ವರ್ಷದ ಹಿಂದೆ ಡಿಂಪ್ನಾಳ ಮೊದಲ ಕೂಸು, ಕ್ಲೀನಾ ಎಂಬ ಹೆಣ್ಣುಮಗು, ಊರಿನ ಹೆರಿಗೆ ವಾರ್ಡಿನಲ್ಲೇ ತೀರಿಕೊಂಡಿತು. ಹೃದಯ ದುರ್ಬಲವಿತ್ತು ಎಂದರು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಮೀನಿನ ಹಡಗಿನಲ್ಲಿ ದುಡಿಯುವ ಗಂಡ ವರ್ಷದಲ್ಲಿ ಮುಕ್ಕಾಲು ಭಾಗ ಸಮುದ್ರದ ಮೇಲೆ. ಕ್ಲಬ್ ಹುಟ್ಟಿದಾಗ ಕಾರ್ಯದರ್ಶಿಯಾದವಳು ಇವತ್ತಿನವರೆಗೂ ಅದನ್ನು ಬಿಟ್ಟಿಲ್ಲ. ನನ್ನ ಮಗು ಉಳಿಯಲಿಲ್ಲ, ಬೇರೆಯವರದ್ದಾದರೂ ಉಳಿಯಲಿ ಎನ್ನುತ್ತಿದ್ದಳು.

ಬಾಗಿಲು ತೆರೆದೇ ಇತ್ತು. ಡಿಂಪ್ನಾ ಅಡುಗೆಮನೆಯ ಒಲೆಯ ಪಕ್ಕ ನಿಲುವಂಗಿಯಲ್ಲೇ ಕೂತಿದ್ದಳು. ಮಧ್ಯಾಹ್ನದ ಬಿಸಿಲು ಮುಖಕ್ಕೆ ಬೀಳುತ್ತಿದ್ದರೂ ಕಣ್ಣು ಕಿರಿದು ಮಾಡಲಿಲ್ಲ.

"ಚಹಾ ನೀನೇ ಮಾಡ್ಕೋ," ಎಂದಳು. "ನನ್ನ ಕೈಲಿ ಕೆಟ್ಲು ನಿಲ್ಲಲ್ಲ."

ನಾಲಿಗೆ ದಪ್ಪಗಾಗಿತ್ತು. ನುವಾಲಾ ಕೆಟ್ಲು ಇಟ್ಟಳು. ಎರಡು ಲೋಟ ತೆಗೆದಳು. ಬಂದದ್ದು ಚಹಾಕ್ಕಲ್ಲವಾದರೂ ಕೈಗೊಂದು ಕೆಲಸ ಬೇಕಿತ್ತು.

"ಡಿಂಪ್ನಾ, ಪೀಡರ್‌ಗೆ ಸುಳ್ಳು ಹೇಳಿದೆ ನೀನು."

"ಹೇಳಿದೆ."

ಅಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾಳೆಂದು ನುವಾಲಾ ಎಣಿಸಿರಲಿಲ್ಲ. ನೀನು ಹೇಳುವುದನ್ನೆಲ್ಲ ನ್ಯಾಯಾಲಯದಲ್ಲಿ ಬಳಸಬಹುದು ಎಂಬ ಮಾತನ್ನು ಹೇಳಬೇಕಿತ್ತು, ಹೇಳಿದಳು. ಡಿಂಪ್ನಾ ತಲೆಯಾಡಿಸಿದಳು, ಹವಾಮಾನದ ಸುದ್ದಿ ಕೇಳಿದವಳಂತೆ. ಆಮೇಲೆ ಕುತ್ತಿಗೆಗೆ ಕೈ ಹಾಕಿ ನಿಲುವಂಗಿಯ ಒಳಗಿಂದ ಒಂದು ದಾರ ಎಳೆದಳು. ದಾರದ ತುದಿಯಲ್ಲಿ ಉಗುರಿನಷ್ಟು ಬೆಳ್ಳಿಯ ಪದಕ. ಬಸುರಿಯರು ಹರಕೆ ಹೊರುವ ಸಂತ ಜೆರಾರ್ಡನದು.

"ತಿರುಗಿಸಿ ನೋಡು."

ಹಿಂದುಗಡೆ ಸಣ್ಣ ಅಕ್ಷರದಲ್ಲಿ ಕೆತ್ತಿಸಿದ್ದರು: ಕ್ಲೀನಾ.

"ಅವಳಿದ್ದ ಆ ಬಿಸಿ ತೊಟ್ಟಿಲಿನ ಹಾಸಿಗೆ ಕೆಳಗೆ ನಾನೇ ಇಟ್ಟಿದ್ದೆ," ಎಂದಳು ಡಿಂಪ್ನಾ. "ದಾದಿಯರು ನೋಡಿದರೆ ತೆಗೀತಾರೆ ಅಂತ ಒಳಗೆ ತೂರಿಸಿದ್ದೆ. ಮಗು ಹೋದಮೇಲೆ ಕೇಳಿದೆ. ಆ ತೊಟ್ಟಿಲು ಇಲ್ಲ, ಬೇರೆ ವಾರ್ಡಿಗೆ ಹೋಯ್ತು ಅಂದರು. ಬಿಟ್ಟುಬಿಟ್ಟೆ. ಮಗುವೇ ಹೋದಮೇಲೆ ಪದಕ ತಗೊಂಡು ಏನು ಮಾಡಲಿ."

"ಈಗ ಎಲ್ಲಿಂದ ಬಂತು?"

"ತಮಾಂಡಾ ಕೊಟ್ಟಳು."

ಕೆಟ್ಲು ಕುದಿಯತೊಡಗಿತು. ನುವಾಲಾ ಆರಿಸಲಿಲ್ಲ.

"ಅವಳಿಗೆ ಗೊತ್ತಿರಲಿಲ್ಲ ನುವಾಲಾ. ನನ್ನದು ಅಂತ ಗೊತ್ತಿರಲಿಲ್ಲ. ಒಳ್ಳೆ ಮನಸ್ಸಿಂದ ತಂದಿದ್ದಳು. ಅಲ್ಲಿ ಆ ಕೂಸು ಸುಟ್ಟುಹೋದಮೇಲೆ ಯಂತ್ರ ಬಿಚ್ಚಿದರಂತೆ, ಸಂದಿಯಲ್ಲಿ ಸಿಕ್ಕಿತಂತೆ. ಯಾರೋ ತಾಯಿಯದು, ಹುಡುಕಿ ತಲುಪಿಸ್ತೀಯಾ ಅಂತ ನನ್ನ ಕೇಳಿದಳು. ಮೆಟ್ಟಿಲ ಮೇಲೆ ನಿಂತು, ಕರ್ಚೀಫು ಬಿಚ್ಚಿ ತೋರಿಸಿದಳು."

"ಮೆಟ್ಟಿಲ ಮೇಲೆ."

"ಹೌದು. ಫಿಂಟನ್ ಮೈಕ್ ಕೊಡಲಿಲ್ಲ ಅಂತ ಅಳ್ತಾ ಬಂದಿದ್ದಳು. ನಾನು ಸಮಾಧಾನ ಮಾಡೋಕೆ ಹೋಗಿದ್ದು." ಡಿಂಪ್ನಾ ತನ್ನ ಬಲಗೈಯನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. ಸಣ್ಣ ಕೈ. "ತೋಳು ಹಿಡಿದೆ. ಎಲ್ಲಿಂದ ಬಂತು, ಯಾವುದರಲ್ಲಿತ್ತು ಅಂತ ಅಲ್ಲಾಡಿಸಿ ಕೇಳಿದೆ. ಅವಳು ಎಲ್ಲಾ ಹೇಳಿದಳು. ತಂತಿ, ಬಿಸಿ, ಗುರುತು. ಹೇಳ್ತಾ ಹೇಳ್ತಾ ಅವಳಿಗೇ ಅರ್ಥವಾಯ್ತು ಅನ್ಸುತ್ತೆ, ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟಳು. ನನ್ನ ಮಗುವಿನ ಹೃದಯ ಸರಿಯಾಗೇ ಇತ್ತು ನುವಾಲಾ. ಅದನ್ನ ಕೊಂದ ತೊಟ್ಟಿಲಿಗೆ ನಾನೇ ರಿಬ್ಬನ್ ಕಟ್ಟಿ ಇನ್ನೊಬ್ಬಳ ಮಗುವಿಗೆ ಕಳಿಸಿದೆ. ಫೋಟೋದಲ್ಲಿ ನಗ್ತಾ ನಿಂತಿದ್ದೀನಿ, ಸಭಾಂಗಣದಲ್ಲಿ ತೂಗುಹಾಕಿದ್ದಾರೆ, ನೋಡಿದ್ದೀಯಲ್ಲ."

ನುವಾಲಾ ನೋಡಿದ್ದಳು. ಒಲೆಯ ಕಡೆ ತಿರುಗಿ ಕೆಟ್ಲು ಆರಿಸಿದಳು. ಮುಂದಿನ ಪ್ರಶ್ನೆ ಕೇಳದೆ ವಿಧಿಯಿರಲಿಲ್ಲ.

"ತಳ್ಳಿದೆಯಾ?"

"ದೂಡಿದೆ. ನನ್ನಿಂದ ದೂರ ಹೋಗಲಿ ಅಂತ. ಅವಳ ಮೇಲೆ ಸಿಟ್ಟಲ್ಲ. ಆ ಮಾತು ಅವಳ ಬಾಯಿಂದ ಬರ್ತಿತ್ತಲ್ಲ, ಅದನ್ನ ದೂಡಿದೆ. ಅವಳು ಬಿದ್ದಳು."

"ಬಿದ್ದಮೇಲೆ?" ನುವಾಲಾ ಕ್ಷಣ ತಡೆದಳು. "ಬಿದ್ದಮೇಲೆ ಅವಳ ಬಾಯಿ ಯಾಕೆ ಮುಚ್ಚಿದೆ, ಡಿಂಪ್ನಾ?"

ಡಿಂಪ್ನಾ ತಲೆಯೆತ್ತಿದಳು. ಮೊದಲ ಸಲ ಅವಳ ಕಣ್ಣು ನುವಾಲಾಳ ಮೇಲೆ ನೆಟ್ಟಿತು.

"ಬಾಯಿ ಯಾರು ಮುಚ್ಚಿದರು?"

"ನೀನು."

"ನಾನು ಇಳಿದು ಹೋಗಿ ಅವಳ ತಲೆ ಮಡಿಲಲ್ಲಿಟ್ಟುಕೊಂಡೆ. ಚಳಿ ಅಂದಳು. ಮಾತಾಡಿದಳು ನುವಾಲಾ. ನನ್ನ ಶಾಲು ಹೊದಿಸಿದೆ."

"ಯಾವ ಬಣ್ಣದ್ದು?"

"ಬಿಳಿ. ಹಬ್ಬದ್ದು. ಮೇಲೆ ಓಡಿದೆ, ಡಾಕ್ಟರ್ ಬಾಗಿಲಲ್ಲೇ ನಿಂತಿದ್ದರು. ಎಲ್ಲಾ ಹೇಳಿದೆ. ಪದಕ ತೋರಿಸಿದೆ. ಅವಳು ಉಸಿರಾಡ್ತಿದ್ದಾಳೆ, ಬೇಗ ಬನ್ನಿ ಅಂದೆ. ನೀನು ಮನೆಗೆ ಹೋಗು ಮಗಳೇ, ಮುಖ ತೊಳ್ಕೋ, ಯಾರಿಗೂ ಏನೂ ಹೇಳಬೇಡ, ಅವಳನ್ನ ನಾನು ನೋಡ್ಕೋತೀನಿ ಅಂದರು. ತಮ್ಮ ನೀಲಿ ಮಫ್ಲರ್ ಬಿಚ್ಚುತ್ತಾ ಇಳಿದರು. ತಲೆಗೆ ಕಟ್ಟೋಕೆ ಅಂದುಕೊಂಡೆ." ಅವಳ ಮಾತು ನಡುವೆ ನಡುವೆ ಜಾರುತ್ತಿತ್ತು. "ಬೆಳಿಗ್ಗೆ ಬಂದು, ಉಳಿಯಲಿಲ್ಲ ಮಗಳೇ, ಪೆಟ್ಟು ಜೋರಿತ್ತು, ನೀನು ಹೇಳಿದರೆ ಜೈಲಾಗುತ್ತೆ ಅಂದರು. ನಾನೇ ಕೊಂದೆ ಅಂತ ಇಷ್ಟು ದಿನ..."

ಜೀವ ಹೋಗಿ ಎಷ್ಟೋ ಹೊತ್ತಾಗಿತ್ತು. ಆ ಹೇಳಿಕೆಗೆ ಡಾಕ್ಟರ್ ಟೂಹಿ ಅಳುಕಿಲ್ಲದ ಕೈಯಿಂದ ಸಹಿ ಹಾಕಿದ್ದು ನುವಾಲಾಳ ಮೇಜಿನ ಮೇಲೆಯೇ. ಕ್ಲೀನಾಳ ಹೃದಯ ದುರ್ಬಲ ಎಂದು ಬರೆದುಕೊಟ್ಟದ್ದೂ ಅವರೇ. ಬೇಗ ಸಾಗಿಸು, ಈ ಹಡಗಿಗೇ ಹಾಕು ಎಂದವರೂ ಅವರೇ.

"ಡಿಂಪ್ನಾ, ಇಲ್ಲಿ ನೋಡು. ನಿನ್ನ ಮಾತು ಯಾಕೆ ಹೀಗೆ ತೊದಲುತ್ತೆ? ಏನು ತಗೋತಿದ್ದೀಯಾ?"

"ನಿದ್ದೆಗೆ. ದಿನಾ ಮಧ್ಯಾಹ್ನ ಬಂದು ಸೂಜಿ ಹಾಕ್ತಾರೆ, ಪಾಪ. ಏರು ಹತ್ತಿಕೊಂಡು."

"ಯಾರು?"

ಹಿಂದಿನ ಬಾಗಿಲ ಚಿಲಕ ಸರಿಯಿತು. ಈ ಊರಿನಲ್ಲಿ ಯಾರ ಮನೆಯ ಬಾಗಿಲನ್ನೂ ತಟ್ಟದೆ ಒಳಗೆ ಬರುವ ಸಲಿಗೆ ಇದ್ದದ್ದು ಇಬ್ಬರಿಗೆ, ಒಬ್ಬರು ಪಾದ್ರಿ.

"ಎದ್ದಿದ್ದೀಯಾ ಮಗಳೇ?" ಡಾಕ್ಟರ್ ಟೂಹಿ ಟೋಪಿ ತೆಗೆಯುತ್ತ ಒಳಗೆ ಬಂದರು. ಚಳಿಗಾಳಿಗೆ ಕುತ್ತಿಗೆ ಕೆಂಪಾಗಿತ್ತು, ಬರಿಗುತ್ತಿಗೆ. ಅವರು ನುವಾಲಾಳನ್ನು ನೋಡಿದರು, ಸುರಿಯದೆ ಬಿಟ್ಟ ಚಹಾ ಲೋಟಗಳನ್ನು ನೋಡಿದರು, ನಿಲುವಂಗಿಯ ಮೇಲೆ ತೂಗುತ್ತಿದ್ದ ಪದಕವನ್ನು ನೋಡಿದರು. ಆಮೇಲೆ ನಕ್ಕರು, ಯಾವಾಗಲೂ ನಗುವ ಹಾಗೆಯೇ.

"ನುವಾಲಾನೂ ಇದ್ದಾಳೆ. ಒಳ್ಳೇದಾಯ್ತು. ನೀನಾದರೂ ಹೇಳಮ್ಮ ಇವಳಿಗೆ, ಇವತ್ತಿಂದು ಒಂದು ಹಾಕಿಸ್ಕೊಂಡರೆ ಪೂರ್ತಿ ವಿಶ್ರಾಂತಿ ಸಿಗುತ್ತೆ ಅಂತ."

ಚರ್ಮದ ಚೀಲವನ್ನು ಮೇಜಿನ ಮೇಲಿಟ್ಟು, ಅದರ ಬಾಯಿ ಬಿಚ್ಚಿ ಸೂಜಿಗೆ ಕೈ ಹಾಕಿದರು.

ಡಿಂಪ್ನಾ ಆಗಲೇ ತೋಳಿನ ಗುಂಡಿ ಬಿಚ್ಚುತ್ತಿದ್ದಳು.